ಮನೆಯೊಳಗಿನ ಓಟದ ಕಾರು: ಸಿಮ್ಯುಲೇಟರನ್ನೂ ಸ್ಟಿಯರಿಂಗನ್ನೂ ಆರಿಸುವ ಬಗೆ

ಮಳೆಗಾಲದ ಮುಂಜಾನೆ ಚಾರ್ಮಾಡಿ ಘಾಟಿಯನ್ನು ಕಾರಿನಲ್ಲಿ ಇಳಿದವರಿಗೆ ಒಂದು ಅನುಭವ ಪರಿಚಿತವಾಗಿರುತ್ತದೆ: ತಿರುವಿನ ನಡುವೆ, ನೆನೆದ ಡಾಂಬರಿನ ಮೇಲೆ, ಮುಂದಿನ ಟೈರುಗಳು ಇನ್ನೇನು ಹಿಡಿತವನ್ನು ಬಿಟ್ಟುಕೊಡುತ್ತವೆ ಎನ್ನುವಷ್ಟರಲ್ಲಿ, ಅದುವರೆಗೆ ಅಂಗೈಗೆ ತುಸು ಭಾರವಾಗಿ ತೋರುತ್ತಿದ್ದ ಸ್ಟಿಯರಿಂಗ್ ಇದ್ದಕ್ಕಿದ್ದಂತೆ ಹಗುರವಾಗುತ್ತದೆ. ಆ ಹಗುರವೇ ಎಚ್ಚರಿಕೆ. ಕಣ್ಣು ಅಪಾಯವನ್ನು ಕಾಣುವುದಕ್ಕೆ ಮೊದಲೇ, ಬುದ್ಧಿಯು ಅದಕ್ಕೊಂದು ಹೆಸರಿಡುವುದಕ್ಕೆ ಮೊದಲೇ, ಕೈ ಅದನ್ನು ಅರಿತು ತಿರುವನ್ನು ಒಂದಿಷ್ಟು ಸಡಿಲಿಸಿರುತ್ತದೆ, ಕಾಲು ಆಕ್ಸಿಲರೇಟರಿನಿಂದ ತಾನಾಗಿಯೇ ಮೇಲೆದ್ದಿರುತ್ತದೆ. ಕಾರನ್ನು ನಡೆಸುವುದೆಂದರೆ ಬಹುಮಟ್ಟಿಗೆ ಇಂಥ ಸೂಕ್ಷ್ಮ ಸೂಚನೆಗಳನ್ನು ಶರೀರದಿಂದ ಓದುವುದೇ ಆಗಿದೆ.

ಮನೆಯ ಕಂಪ್ಯೂಟರಿನ ಮುಂದೆ ಕುಳಿತು ಓಟದ ಕಾರನ್ನು ನಡೆಸಬಯಸುವವನಿಗೆ ಈ ಸೂಚನೆಗಳಲ್ಲಿ ಹೆಚ್ಚಿನವು ಇಲ್ಲವಾಗುತ್ತವೆ. ಅವನ ಕುರ್ಚಿ ಅಲುಗದು. ತಿರುವಿನಲ್ಲಿ ಮೈಯನ್ನು ಹೊರಕ್ಕೆ ನೂಕುವ ಬಲವಿಲ್ಲ. ಬ್ರೇಕು ಒತ್ತಿದಾಗ ಎದೆಯನ್ನು ಮುಂದಕ್ಕೆಳೆಯುವ ಸೆಳೆತವಿಲ್ಲ. ನಿಜವಾದ ಕಾರು ಇಡೀ ದೇಹದೊಡನೆ ನಡೆಸುವ ಸಂಭಾಷಣೆಯನ್ನು ಸಿಮ್ಯುಲೇಟರು ಕಿವಿ, ಕಣ್ಣು, ಕೈ, ಕಾಲು ಎಂಬ ನಾಲ್ಕೇ ಬಾಗಿಲುಗಳ ಮೂಲಕ ನಡೆಸಬೇಕಾಗಿದೆ. ಇವುಗಳಲ್ಲಿ ಕಿವಿಗೆ ಸಾಧಾರಣವಾದ ಒಂದು ಹೆಡ್‌ಫೋನು ಸಾಕು. ಉಳಿದ ಮೂರಕ್ಕೆ ಕೈಯಲ್ಲಿರುವ ಹಣವನ್ನು ಯಾವ ಪ್ರಮಾಣದಲ್ಲಿ ಹಂಚತಕ್ಕದ್ದು ಎಂಬುದೇ ಕೊಳ್ಳುವವನ ಮುಂದಿರುವ ನಿಜವಾದ ಪ್ರಶ್ನೆ. ಈ ವಿನೋದದಲ್ಲಿ ಕೆಲವು ವರ್ಷಗಳನ್ನು ಕಳೆದ ಮೇಲೆ ನನಗೆ ದೃಢಪಟ್ಟ ಅಭಿಪ್ರಾಯವೊಂದುಂಟು: ಕೈಗೆ ಬೇಕಾದುದಕ್ಕಿಂತ ಹೆಚ್ಚನ್ನೂ ಕಾಲಿಗೆ ಬೇಕಾದುದಕ್ಕಿಂತ ಕಡಮೆಯನ್ನೂ ಕೊಡುವುದು ಹೊಸಬರು ಮಾಡುವ ಅತಿ ಸಾಮಾನ್ಯವಾದ ತಪ್ಪು. ಮುಂದೆ ಹೇಳುವುದೆಲ್ಲವೂ ಈ ಅಭಿಪ್ರಾಯದ ವಿವರಣೆಯೆಂದು ಓದುಗರು ತಿಳಿಯಬಹುದು.

ಆದರೆ ಯಂತ್ರವನ್ನು ಕೊಳ್ಳುವ ಮೊದಲು ತಂತ್ರಾಂಶವನ್ನು ನಿಶ್ಚಯಿಸಿಕೊಳ್ಳಬೇಕು. ಏಕೆಂದರೆ ಯಾವ ಬಗೆಯ ಚಾಲನೆ ನಮ್ಮ ಮನಸ್ಸಿಗೆ ಒಪ್ಪುತ್ತದೆಯೋ ಅದೇ ಯಾವ ಸ್ಟಿಯರಿಂಗ್ ಬೇಕೆಂಬುದನ್ನು ಬಹುಪಾಲು ನಿರ್ಧರಿಸಿಬಿಡುತ್ತದೆ. ಗುಂಡಿಯೊತ್ತಿದರೆ ಹಾರುವ, ಗೋಡೆಗೆ ಬಡಿದರೂ ಪುಟಿದೇಳುವ ಕಾರುಗಳ ಆಟಗಳು ಬೇರೆ. ಟೈರಿನ ಉಷ್ಣತೆ, ತೂಕದ ಚಲನೆ, ರಸ್ತೆಯ ಉಬ್ಬುತಗ್ಗು ಇವನ್ನು ಕ್ಷಣಕ್ಷಣಕ್ಕೂ ಗಣಿತದಿಂದ ಲೆಕ್ಕಹಾಕುವ ಸಿಮ್ಯುಲೇಟರುಗಳು ಬೇರೆ. ಮೊದಲನೆಯ ವರ್ಗಕ್ಕೆ ಕೈಯಲ್ಲಿ ಹಿಡಿಯುವ ಸಾಧಾರಣ ನಿಯಂತ್ರಕವೇ ಯಥೇಷ್ಟ. ಅದಕ್ಕಾಗಿ ಸ್ಟಿಯರಿಂಗನ್ನು ಕೊಂಡವರು ಎರಡು ತಿಂಗಳಲ್ಲಿ ಅದನ್ನು ಅಟ್ಟಕ್ಕೇರಿಸುತ್ತಾರೆ.

ಎರಡನೆಯ ವರ್ಗದ ಪರಂಪರೆ ನಮ್ಮಲ್ಲಿ ಅನೇಕರು ಊಹಿಸುವುದಕ್ಕಿಂತ ಹಳೆಯದು. ರೆಕ್ಕೆಗಳಿಲ್ಲದ 1967ರ ಗ್ರ್ಯಾನ್ ಪ್ರೀ ಕಾರುಗಳನ್ನು ಪುನಃ ಸೃಷ್ಟಿಸಿದ 'ಗ್ರ್ಯಾನ್ ಪ್ರೀ ಲೆಜೆಂಡ್ಸ್' 1998ರಲ್ಲಿ ಹೊರಬಂದಾಗ, ಕಾರನ್ನು ನೆಟ್ಟಗೆ ನಿಲ್ಲಿಸುವುದೇ ಹೊಸಬರಿಗೆ ವಾರಗಟ್ಟಲೆಯ ಸಾಧನೆಯಾಗಿತ್ತು. ಅದನ್ನು ರಚಿಸಿದ ಪ್ಯಾಪಿರಸ್ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಡೇವ್ ಕೇಮರ್ ಅವರೇ ಮುಂದೆ ಜೊತೆಗಾರರೊಡನೆ ಕಟ್ಟಿದ 'ಐರೇಸಿಂಗ್' 2008ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಇದು ಚಂದಾ ಕಟ್ಟಿ ಸೇರತಕ್ಕ ವ್ಯವಸ್ಥೆ. ಮೊದಲಿಗೆ ಸಿಗುವ ಕೆಲವನ್ನು ಬಿಟ್ಟರೆ ಉಳಿದ ಕಾರುಗಳನ್ನೂ ಪಥಗಳನ್ನೂ ಒಂದೊಂದಾಗಿ ಕೊಳ್ಳಬೇಕು. ಗೊತ್ತಾದ ವೇಳೆಗೆ ಓಟಗಳು ನಡೆಯುತ್ತವೆ, ಇತರರಿಗೆ ಡಿಕ್ಕಿ ಹೊಡೆಯದೆ ಓಡಿಸುವವನಿಗೆ ಒಳ್ಳೆಯ ಅಂಕ ಬರುತ್ತದೆ, ಮೇಲಿನ ದರ್ಜೆಗೆ ಏರಲು ಆ ಅಂಕವೇ ರಹದಾರಿ. ಮನುಷ್ಯರೊಡನೆ ಶಿಸ್ತಿನಿಂದ ಸ್ಪರ್ಧಿಸಬೇಕೆಂಬ ಹಂಬಲವುಳ್ಳವರಿಗೆ ಇದಕ್ಕಿಂತ ಉತ್ತಮವಾದದ್ದನ್ನು ನಾನು ಕಂಡಿಲ್ಲ. ಆದರೆ ವಾರಕ್ಕೆ ಎರಡು ಗಂಟೆ ಮಾತ್ರ ಬಿಡುವಿರುವ ಗೃಹಸ್ಥನಿಗೆ ಅದರ ವೆಚ್ಚ ಭಾರವೆನಿಸೀತು.

ಅಂಥವನಿಗೆ ಇಟಲಿಯ ಕುನೋಸ್ ಸಿಮ್ಯುಲಾಜಿಯೋನಿಯವರು 2014ರಲ್ಲಿ ಪೂರ್ಣಗೊಳಿಸಿದ 'ಅಸೆಟ್ಟೊ ಕೊರ್ಸಾ' ತಕ್ಕದ್ದು. ಸಾಧಾರಣ ಶಕ್ತಿಯ ಕಂಪ್ಯೂಟರಿನಲ್ಲಿಯೂ ಅದು ಸಲೀಸಾಗಿ ನಡೆಯುತ್ತದೆ. ಸ್ಟಿಯರಿಂಗಿನ ಮೂಲಕ ಅದು ಕೈಗೆ ಮುಟ್ಟಿಸುವ ಸಂವೇದನೆ ಇಂದಿಗೂ ಶ್ಲಾಘ್ಯ. ಹವ್ಯಾಸಿಗಳು ಅದಕ್ಕಾಗಿ ನಿರ್ಮಿಸಿರುವ ಕಾರುಗಳಿಗೂ ಪಥಗಳಿಗೂ ಲೆಕ್ಕವಿಲ್ಲ. ಅದೇ ಸಂಸ್ಥೆಯ 'ಅಸೆಟ್ಟೊ ಕೊರ್ಸಾ ಕಾಂಪೆಟಿಜಿಯೋನೆ' 2019ರದು. ಮುಖ್ಯವಾಗಿ ಜಿಟಿ3 ಎಂಬ ಓಟದ ವರ್ಗದ ಕಾರುಗಳಿಗೆ ಮೀಸಲಾದ ಅದು ಗಾಢವಾದದ್ದು, ಆದರೆ ಬಲವಾದ ಗ್ರಾಫಿಕ್ಸ್ ಕಾರ್ಡನ್ನು ಬೇಡುವಂಥದು. ಹಣ ತೊಡಗಿಸದೆ ರುಚಿ ನೋಡಬಯಸುವವರಿಗೆ 'ರೇಸ್‌ರೂಮ್' ಉಂಟು. ಅದರ ಮೂಲಭಾಗ ಉಚಿತ. ಚಿಕ್ಕಮಗಳೂರಿನ ಕಾಫಿತೋಟಗಳ ನಡುವಣ ಕೆಮ್ಮಣ್ಣಿನ ದಾರಿಗಳಲ್ಲಿ ರ‍್ಯಾಲಿ ಕಾರುಗಳು ಧೂಳೆಬ್ಬಿಸುವುದನ್ನು ಬೇಲಿಯ ಬದಿಯಲ್ಲಿ ನಿಂತು ನೋಡಿ ಮೈಮರೆತವರು 'ಡರ್ಟ್ ರ‍್ಯಾಲಿ 2.0' ಎಂಬುದನ್ನಾಗಲಿ, 2004ರಲ್ಲಿ ಬಂದು ಅಭಿಮಾನಿಗಳ ಶ್ರಮದಿಂದಲೇ ಇಂದಿಗೂ ಜೀವಂತವಾಗಿರುವ 'ರಿಚರ್ಡ್ ಬರ್ನ್ಸ್ ರ‍್ಯಾಲಿ'ಯನ್ನಾಗಲಿ ಹಿಡಿಯಬಹುದು. ವೇಗವೇ ಬೇಡ, ಸಂಜೆ ಒಂದು ಗಂಟೆ ದೂರದ ದಾರಿಯಲ್ಲಿ ನೆಮ್ಮದಿಯಿಂದ ಸಾಗಿದರೆ ಸಾಕೆನ್ನುವವರಿಗೆ ಪ್ರಾಗ್ ನಗರದ ಎಸ್‌ಸಿಎಸ್ ಸಂಸ್ಥೆಯ 'ಯೂರೋ ಟ್ರಕ್ ಸಿಮ್ಯುಲೇಟರ್ 2' ಇದೆ. ಅದನ್ನು ಹಗುರವಾಗಿ ಕಾಣುವವರೊಡನೆ ನಾನು ಒಪ್ಪುವುದಿಲ್ಲ, ಏಕೆಂದರೆ ಭಾರವಾದ ವಾಹನವನ್ನು ಇಕ್ಕಟ್ಟಾದ ಅಂಗಳದಲ್ಲಿ ಹಿಂದಕ್ಕೆ ಸರಿಸಿ ನಿಲ್ಲಿಸುವುದು ಯಾವ ಓಟಕ್ಕೂ ಕಡಮೆಯಾದ ಕಲೆಯಲ್ಲ.

ಇನ್ನು ಕೈಯ ಮಾತು. ಹಗುರವಾಗುವ ಸ್ಟಿಯರಿಂಗಿನ ರಹಸ್ಯ ಟೈರಿನಲ್ಲಿದೆ. ತಿರುಗುತ್ತಿರುವ ಟೈರು ತನ್ನನ್ನು ನೇರಗೊಳಿಸಿಕೊಳ್ಳಲು ಸದಾ ಹವಣಿಸುತ್ತದೆ. ಕೈಗೆ ತಗಲುವ ಭಾರ ಆ ಹವಣಿಕೆಯೇ. ತಿರುವಿನ ಬಿಗುಪು ಹೆಚ್ಚಿದಂತೆ ಈ ನೇರಗೊಳ್ಳುವ ಬಲವೂ ಹೆಚ್ಚುತ್ತ ಹೋಗಿ, ಟೈರು ತನ್ನ ಹಿಡಿತದ ಪರಮಾವಧಿಯನ್ನು ಮುಟ್ಟುವುದಕ್ಕೆ ಸ್ವಲ್ಪ ಮೊದಲೇ ಇಳಿಯತೊಡಗುತ್ತದೆ. ಇದನ್ನೇ ಸಿಮ್ಯುಲೇಟರು ಲೆಕ್ಕಹಾಕಿ, ಸ್ಟಿಯರಿಂಗಿನ ಪೆಟ್ಟಿಗೆಯೊಳಗಿನ ವಿದ್ಯುತ್ ಮೋಟಾರಿಗೆ ಆಜ್ಞೆಯಾಗಿ ಕಳುಹಿಸುತ್ತದೆ. ಮೋಟಾರು ಕೈಗೆ ಎದುರಾಗಿ ಒತ್ತುತ್ತದೆ. 'ಫೋರ್ಸ್ ಫೀಡ್‌ಬ್ಯಾಕ್' ಎಂದು ಕರೆಯುವುದು ಇದನ್ನು. ಇದಿಲ್ಲದ, ಬರಿಯ ಸ್ಪ್ರಿಂಗಿನಿಂದ ನಡುವಿಗೆ ಮರಳುವ ಅಗ್ಗದ ಸ್ಟಿಯರಿಂಗುಗಳು ಅಂಗಡಿಗಳಲ್ಲಿ ಸಿಗುತ್ತವೆ. ಚಿಕ್ಕ ಮಗುವಿನ ಆಟಕ್ಕಲ್ಲದೆ ಬೇರೆ ಯಾವ ಉದ್ದೇಶಕ್ಕೂ ಅವುಗಳನ್ನು ಕೊಳ್ಳಬಾರದೆಂದು ನಿಸ್ಸಂದೇಹವಾಗಿ ಹೇಳುತ್ತೇನೆ. ಅವುಗಳ ಸ್ಪ್ರಿಂಗಿಗೆ ಟೈರಿನ ಸುದ್ದಿಯೇ ಗೊತ್ತಿರುವುದಿಲ್ಲ.

ಮೋಟಾರಿನ ಬಲವನ್ನು ಕೈಗೆ ತಲುಪಿಸುವ ಮಾರ್ಗಗಳು ಮೂರು. ಹಲ್ಲುಚಕ್ರಗಳ ಮೂಲಕ ತಲುಪಿಸುವುದು ಮೊದಲನೆಯದು. ಲಾಜಿಟೆಕ್ ಸಂಸ್ಥೆಯ 2015ರ ಜಿ29, 2020ರ ಜಿ923 ಇವು ಈ ಬಗೆಯವು. ಇವು ಗಟ್ಟಿಮುಟ್ಟು, ವರ್ಷಗಟ್ಟಲೆ ಬಾಳುವಂಥವು. ಆದರೆ ಹಲ್ಲಿಗೆ ಹಲ್ಲು ತಾಗುವ ಕಟಕಟ ಶಬ್ದವೂ, ನಡುವಿನಲ್ಲಿ ಬಲವೇ ಇಲ್ಲವೆನಿಸುವ ಒಂದು ಸಣ್ಣ ಸಡಿಲವೂ ಅವುಗಳಿಗೆ ಸಹಜ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಆಡುವವರು ಈ ಶಬ್ದವನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ಮೇಲು. ಬೆಲ್ಟಿನ ಮೂಲಕ ತಲುಪಿಸುವುದು ಎರಡನೆಯ ಮಾರ್ಗ. ಥ್ರಸ್ಟ್‌ಮಾಸ್ಟರ್ ಸಂಸ್ಥೆಯ ಟಿ300 ಇದಕ್ಕೆ ಪ್ರಸಿದ್ಧ ನಿದರ್ಶನ. ಇದರ ಚಲನೆ ನುಣುಪು, ಶಬ್ದ ಕಡಮೆ, ಬಲವೂ ತುಸು ಹೆಚ್ಚು. ಮೂರನೆಯದರಲ್ಲಿ ನಡುವೆ ಹಲ್ಲೂ ಇಲ್ಲ, ಬೆಲ್ಟೂ ಇಲ್ಲ. ಮೋಟಾರಿನ ಅಚ್ಚಿಗೇ ಸ್ಟಿಯರಿಂಗನ್ನು ಜೋಡಿಸಿರುತ್ತಾರೆ. 'ಡೈರೆಕ್ಟ್ ಡ್ರೈವ್' ಎಂಬ ಹೆಸರಿನ ಈ ವ್ಯವಸ್ಥೆ ಒಂದು ಕಾಲಕ್ಕೆ ಧನಿಕರ ಸೊತ್ತಾಗಿತ್ತು. 2021ರಲ್ಲಿ ಫನಾಟೆಕ್ ಸಂಸ್ಥೆ ಸಿಎಸ್‌ಎಲ್ ಡಿಡಿಯನ್ನೂ, ಅನಂತರ ಚೀನದ ಮೋಜಾ ಸಂಸ್ಥೆ ಆರ್5, ಆರ್9 ಮೊದಲಾದವುಗಳನ್ನೂ ತಂದ ಮೇಲೆ ಮಧ್ಯಮವರ್ಗದ ಉತ್ಸಾಹಿಗೂ ಅದು ಕೈಗೆಟುಕುವಂತಾಗಿದೆ.

ಜಾಹೀರಾತುಗಳಲ್ಲಿ ದೊಡ್ಡಕ್ಷರಗಳಲ್ಲಿ ಕಾಣುವ ನ್ಯೂಟನ್-ಮೀಟರ್ ಎಂಬ ಅಳತೆಯನ್ನು ಇಲ್ಲಿ ಬಿಡಿಸಿ ನೋಡುವುದು ಉಚಿತ. ಸ್ಟಿಯರಿಂಗಿನ ವ್ಯಾಸ 30 ಸೆಂಟಿಮೀಟರ್ ಎಂದಿಟ್ಟುಕೊಂಡರೆ, 5 ನ್ಯೂಟನ್-ಮೀಟರ್ ಬಲವು ಅದರ ಅಂಚಿನಲ್ಲಿ ಸುಮಾರು ಮೂರೂವರೆ ಕಿಲೋ ತೂಕದ ಚೀಲವನ್ನು ನೇತುಹಾಕಿದಂತೆ ಕೈಗೆ ತೋರುತ್ತದೆ. ಹಲ್ಲುಚಕ್ರದ ಸ್ಟಿಯರಿಂಗುಗಳ ಬಲ ಎರಡು ನ್ಯೂಟನ್-ಮೀಟರಿನ ಆಸುಪಾಸು. ಎಂದರೆ ಒಂದೂವರೆ ಕಿಲೋವಿನಷ್ಟು. ಸಿಎಸ್‌ಎಲ್ ಡಿಡಿಯದು 5, ದೊಡ್ಡ ಅಡಾಪ್ಟರನ್ನು ಜೋಡಿಸಿದರೆ 8, ಆರ್5ರದು 5.5, ಆರ್9ರದು 9. ಫಿನ್ಲೆಂಡಿನ ಸಿಮ್ಯುಕ್ಯೂಬ್ 2 ಪ್ರೋದ 25 ನ್ಯೂಟನ್-ಮೀಟರು ಹದಿನೇಳು ಕಿಲೋವಿಗೆ ಸಮ. ಅದು ಓಟವನ್ನು ವೃತ್ತಿಯಂತೆ ಅಭ್ಯಾಸ ಮಾಡುವವರಿಗೆ ಮಾತ್ರ ಬೇಕಾದದ್ದು.

ಬಲ ಹೆಚ್ಚಿದಷ್ಟೂ ಒಳ್ಳೆಯದೆಂಬ ಭಾವನೆ ಇಲ್ಲಿಂದಲೇ ಹುಟ್ಟುತ್ತದೆ. ಆದರೆ ಹೆಚ್ಚು ಬಲದ ಪ್ರಯೋಜನವು ಕೈಯನ್ನು ದಣಿಸುವುದರಲ್ಲಿಲ್ಲ, ಸಣ್ಣ ಸುದ್ದಿಗೂ ದೊಡ್ಡ ಸುದ್ದಿಗೂ ನಡುವೆ ಅಂತರವನ್ನು ಉಳಿಸಿಕೊಡುವುದರಲ್ಲಿದೆ. ಒಂದು ಸೇರಿನ ಪಾತ್ರೆಗೆ ಎರಡು ಸೇರು ಹಾಲನ್ನು ಹೊಯ್ದರೂ ಮೂರು ಸೇರನ್ನು ಹೊಯ್ದರೂ ಅದರಲ್ಲಿ ನಿಲ್ಲುವುದು ಒಂದೇ ಸೇರು. ಅಂತೆಯೇ, ದುರ್ಬಲ ಮೋಟಾರಿಗೆ ಅದರ ಶಕ್ತಿಯನ್ನು ಮೀರಿದ ಆಜ್ಞೆಗಳನ್ನು ಕಳುಹಿಸಿದರೆ, ಅದು ತನ್ನ ಮೇಲ್ಮಿತಿಯಲ್ಲಿಯೇ ನಿಂತುಬಿಡುತ್ತದೆ. ತಿರುವಿನ ಒಳಗೆ ಟೈರು ಹಿಡಿತ ಬಿಡುತ್ತಿರುವ ಆ ಸೂಕ್ಷ್ಮ ಇಳಿತವೂ, ಪಥದ ಅಂಚಿನ ಕಲ್ಲಿನ ಕಂಪನವೂ ತುಳುಕಿಹೋದ ಹಾಲಿನಂತೆ ನಷ್ಟವಾಗುತ್ತವೆ. ಇದಕ್ಕೆ 'ಕ್ಲಿಪ್ಪಿಂಗ್' ಎನ್ನುತ್ತಾರೆ. ಆದುದರಿಂದ ಜಿ29ರಂಥ ಸ್ಟಿಯರಿಂಗುಳ್ಳವರು ಆಟದೊಳಗಿನ ಬಲದ ಪ್ರಮಾಣವನ್ನು ಏರಿಸುವ ಆಸೆಗೆ ಒಳಗಾಗದೆ, ಕ್ಲಿಪ್ಪಿಂಗನ್ನು ತೋರಿಸುವ ಪಟ್ಟಿಯನ್ನು ಪರದೆಯ ಮೇಲಿರಿಸಿಕೊಂಡು, ಅದು ಅಪರೂಪಕ್ಕೆ ಮಾತ್ರ ತುಂಬುವಷ್ಟಕ್ಕೆ ಬಲವನ್ನು ಇಳಿಸಿಕೊಳ್ಳಬೇಕು. ಹಾಗೆ ಇಳಿಸಿದ ದಿನ ಅದೇ ಹಳೆಯ ಸ್ಟಿಯರಿಂಗ್ ಹೊಸದೊಂದು ಭಾಷೆಯನ್ನು ಕಲಿತಂತೆ ತೋರುತ್ತದೆ. ಸಾಧಾರಣ ಗೃಹಸ್ಥನಿಗೆ ಐದರಿಂದ ಒಂಬತ್ತು ನ್ಯೂಟನ್-ಮೀಟರು ತೃಪ್ತಿಕರವಾದ ನೆಲೆ. ಅದರಾಚೆಗಿನದು ನನ್ನ ದೃಷ್ಟಿಯಲ್ಲಿ ಅನಾವಶ್ಯಕ.

ತಿರುಗುವ ಕೋನದ ವಿಷಯದಲ್ಲಿ ಹೆಚ್ಚು ಯೋಚಿಸಬೇಕಾದದ್ದಿಲ್ಲ. 900 ಡಿಗ್ರಿ, ಎಂದರೆ ಒಂದು ತುದಿಯಿಂದ ಇನ್ನೊಂದಕ್ಕೆ ಎರಡೂವರೆ ಸುತ್ತು, ಇದ್ದರೆ ರಸ್ತೆಯ ಕಾರಿನಿಂದ ಓಟದ ಕಾರಿನವರೆಗೆ ಎಲ್ಲಕ್ಕೂ ಸಾಲುತ್ತದೆ. 270 ಡಿಗ್ರಿಯವನ್ನು ದೂರವಿಡಿ.

ಈಗ ಕಾಲಿಗೆ ಬರೋಣ. ಈ ಲೇಖನವನ್ನು ಬರೆಯಲು ನನ್ನನ್ನು ಪ್ರೇರಿಸಿದ ಅಂಶ ಇದೇ. ಓಟದ ಪಥದಲ್ಲಿ ಕಾಲ ಉಳಿಯುವುದು ನೇರದಾರಿಯಲ್ಲಲ್ಲ. ಅಲ್ಲಿ ಎಲ್ಲರೂ ಆಕ್ಸಿಲರೇಟರನ್ನು ಪೂರ್ತಿ ಒತ್ತಿರುತ್ತಾರೆ. ಮೊನ್ಜಾ ಎಂಬ ಓಟದ ಪಥದ ಮುಖ್ಯ ನೇರದಾರಿಯ ಕೊನೆಯಲ್ಲಿ, ಗಂಟೆಗೆ 250 ಕಿಲೋಮೀಟರಿಗೂ ಮಿಗಿಲಾದ ವೇಗದಿಂದ ಬಂದ ಜಿಟಿ3 ಕಾರನ್ನು ಮೊದಲ ತಿರುವಿಗಾಗಿ ಕೆಳಗಿನ ಗೇರುಗಳಿಗೆ ಇಳಿಸುವ ಆ ಕೆಲವೇ ಕ್ಷಣಗಳಲ್ಲಿ ಬ್ರೇಕನ್ನು ಮೊದಲು ಬಲವಾಗಿ ಒತ್ತಿ, ವೇಗ ಇಳಿದಂತೆ ಒತ್ತಡವನ್ನು ಹದವಾಗಿ ಸಡಿಲಿಸುತ್ತ, ತಿರುವಿನ ಒಳಗಂಚಿಗೆ ಬರುವಾಗ ಇನ್ನೂ ಒಂದಿಷ್ಟು ಉಳಿಸಿಕೊಂಡು ಕೊನೆಗೆ ಪೂರ್ಣವಾಗಿ ಬಿಡುವ ಕ್ರಿಯೆ ಇದೆಯಲ್ಲ, ನಿಪುಣನಿಗೂ ಸಾಮಾನ್ಯನಿಗೂ ಇರುವ ವ್ಯತ್ಯಾಸವೆಲ್ಲ ಅದರಲ್ಲಿಯೇ ಅಡಗಿದೆ.

ಅಗ್ಗದ ಪೆಡಲುಗಳು ಬ್ರೇಕು ಎಷ್ಟು ದೂರ ಕೆಳಗೆ ಹೋಯಿತೆಂಬುದನ್ನು ಅಳೆಯುತ್ತವೆ. ಆದರೆ ನಮ್ಮ ಕಾಲಿನ ಸ್ನಾಯುಗಳಿಗೆ ನೆನಪಿರುವುದು ದೂರವಲ್ಲ, ಒತ್ತಡ. ಕಣ್ಣುಮುಚ್ಚಿ ಪಾದವನ್ನು ಸರಿಯಾಗಿ ಮೂರು ಸೆಂಟಿಮೀಟರ್ ಕೆಳಗಿಳಿಸುವುದು ಕಷ್ಟ. ನಿನ್ನೆ ಒತ್ತಿದಷ್ಟೇ ಬಲದಿಂದ ಇಂದೂ ಒತ್ತುವುದು ಅದಕ್ಕಿಂತ ಎಷ್ಟೋ ಸುಲಭ. ಒತ್ತಡವನ್ನೇ ಅಳೆಯುವ ಲೋಡ್ ಸೆಲ್ ಎಂಬ ಸಾಧನವನ್ನುಳ್ಳ ಬ್ರೇಕು ಇದೇ ಕಾರಣದಿಂದ ಅಭ್ಯಾಸವನ್ನು ಅಭ್ಯಾಸವನ್ನಾಗಿ ಉಳಿಸುತ್ತದೆ. ಬಲವಾಗಿ ತುಳಿದಾಗ ಅದು ಅಲ್ಪವೇ ಕದಲುತ್ತದೆ, ನಿಜವಾದ ಓಟದ ಕಾರಿನ ಬ್ರೇಕಿನಂತೆ. ಥ್ರಸ್ಟ್‌ಮಾಸ್ಟರಿನ ಟಿ-ಎಲ್‌ಸಿಎಂ ಪೆಡಲುಗಳು ಈ ಬಗೆಯವು. ಫನಾಟೆಕ್, ಮೋಜಾ ಮೊದಲಾದ ಸಂಸ್ಥೆಗಳಲ್ಲಿಯೂ ಇಂಥವು ದೊರೆಯುತ್ತವೆ. ನನ್ನ ಮೊದಲ ಪೆಡಲುಗಳು ದೂರವನ್ನಳೆಯುವ ಜಾತಿಯವು. ಆ ಅಳತೆಯನ್ನು ಮಾಡುವ ಪೊಟೆನ್ಷಿಯೋಮೀಟರು ಧೂಳು ಹೊಕ್ಕು ಸವೆದುದರಿಂದ, ಕಾಲನ್ನು ಸೋಂಕಿಸದಿದ್ದಾಗಲೂ ಬ್ರೇಕು ತಾನಾಗಿಯೇ ನಡುಗುತ್ತಿದ್ದುದನ್ನು ತಿಂಗಳುಗಳ ಕಾಲ ನನ್ನ ಚಾಲನೆಯ ದೋಷವೆಂದೇ ಭಾವಿಸಿದ್ದೆ. ಲೋಡ್ ಸೆಲ್ಲಿನ ಪೆಡಲನ್ನು ಜೋಡಿಸಿದ ವಾರದಲ್ಲಿಯೇ ನನ್ನ ಸುತ್ತಿನ ಕಾಲಗಳು ಒಂದಕ್ಕೊಂದು ಹತ್ತಿರವಾದುವು. ಸ್ಟಿಯರಿಂಗ್ ಮಾತ್ರ ಹಳೆಯದೇ ಇತ್ತು. ಆದಕಾರಣ, ಇರುವ ಹಣದಲ್ಲಿ ಬಲಿಷ್ಠವಾದ ಸ್ಟಿಯರಿಂಗೂ ಸಾಧಾರಣ ಪೆಡಲೂ ಬರುತ್ತದೆಯೋ, ಸಾಧಾರಣ ಸ್ಟಿಯರಿಂಗೂ ಲೋಡ್ ಸೆಲ್ಲಿನ ಬ್ರೇಕೂ ಬರುತ್ತದೆಯೋ ಎಂಬ ತೊಡಕಿನಲ್ಲಿ ಸಿಕ್ಕವರು ಎರಡನೆಯದನ್ನೇ ಆರಿಸಿಕೊಳ್ಳಲಿ. ಕ್ಲಚ್ಚನ್ನೂ ಕೈಗೇರನ್ನೂ ಹಳೆಯ ಕಾರುಗಳನ್ನೋ ಟ್ರಕ್ಕನ್ನೋ ಪ್ರೀತಿಸುವವರು ಮುಂದೆ ಕೊಳ್ಳಬಹುದು. ಇಂದಿನ ಓಟದ ಕಾರುಗಳಿಗೆ ಸ್ಟಿಯರಿಂಗಿನ ಹಿಂದಿನ ಎರಡು ಪಟ್ಟಿಗಳೇ ಗೇರು.

ಒತ್ತಡವನ್ನಳೆಯುವ ಬ್ರೇಕಿಗೆ ಆಧಾರ ಭದ್ರವಾಗಿರಬೇಕು, ಮತ್ತು ಇಲ್ಲಿ ನಮ್ಮ ಮನೆಗಳ ನೆಲವೇ ಎದುರಾಳಿಯಾಗುತ್ತದೆ. ಪೆಡಲುಗಳ ತಳದಲ್ಲಿ ಜಮಖಾನೆಗೆ ಕಚ್ಚಿಕೊಳ್ಳುವ ಹಲ್ಲುಗಳನ್ನು ಕೆಲವು ತಯಾರಕರು ಇರಿಸುತ್ತಾರೆ. ಅದು ಗ್ರಾನೈಟು, ಟೈಲು, ಮೊಸಾಯಿಕ್ಕುಗಳ ನಮ್ಮ ನೆಲದಲ್ಲಿ ನಿರುಪಯೋಗಿ. ಪೆಡಲಿನ ಹಿಂದೆ ಗೋಡೆಗೆ ತಾಗುವಂತೆ ಒಂದು ದಪ್ಪ ಹಲಗೆಯನ್ನಿಟ್ಟು, ಕೆಳಗೆ ರಬ್ಬರು ಚಾಪೆಯನ್ನು ಹಾಸಿದರೆ ಪೆಡಲು ನಿಲ್ಲುತ್ತದೆ. ಆದರೆ ಆಗ ಹಿಂದಕ್ಕೆ ಓಡುವುದು ಗಾಲಿಯ ಕುರ್ಚಿ. ಗಾಲಿಗಳಿಲ್ಲದ ಕುರ್ಚಿಯನ್ನು ಬಳಸುವುದು, ಇಲ್ಲವೇ ಕುರ್ಚಿಯ ಕಾಲನ್ನೂ ಪೆಡಲಿನ ಹಲಗೆಯನ್ನೂ ಗಟ್ಟಿಯಾದ ಪಟ್ಟಿಯಿಂದ ಬಿಗಿಯುವುದು ಇದಕ್ಕೆ ಸುಲಭ ಪರಿಹಾರ. ಮೇಜಿನ ವಿಷಯದಲ್ಲಿ, ಎರಡು ನ್ಯೂಟನ್-ಮೀಟರಿನ ಸ್ಟಿಯರಿಂಗನ್ನು ಒಳ್ಳೆಯ ಮರದ ಮೇಜು ತಡೆದುಕೊಳ್ಳುತ್ತದೆ, ಐದಕ್ಕೆ ನಡುಗತೊಡಗುತ್ತದೆ, ಎಂಟು-ಒಂಬತ್ತಕ್ಕೆ ಬೇರೆ ಚೌಕಟ್ಟೇ ಬೇಕು. ಸ್ಥಿರವಾದ ಜಾಗವುಳ್ಳವರು ಅಲ್ಯುಮಿನಿಯಂ ಪಟ್ಟಿಗಳಿಂದ ಕಟ್ಟಿದ ಚೌಕಟ್ಟನ್ನೂ ಅದರಲ್ಲಿ ಒಂದು ಕಾರಿನ ಹಳೆಯ ಆಸನವನ್ನೂ ಇರಿಸಿಕೊಂಡರೆ ಇಪ್ಪತ್ತು ವರ್ಷಗಳ ಚಿಂತೆ ಮುಗಿಯಿತು. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಚೌಕಕೊಳವೆಯಿಂದ ಮಾಡಿಸಿದ ಚೌಕಟ್ಟೂ ಏನೂ ಕಡಮೆಯಲ್ಲ. ಕುಳಿತ ಭಂಗಿಯ ಅಳತೆಯನ್ನು ಮೊದಲೇ ತೆಗೆದು ಕೊಡಬೇಕು, ಅಷ್ಟೆ.

ಕಣ್ಣಿಗೆ ಸಂಬಂಧಿಸಿ ಹಣಕ್ಕಿಂತ ಲೆಕ್ಕ ಮುಖ್ಯ. ಪರದೆಯು ಕಿಟಕಿಯೆಂದು ಭಾವಿಸಿದರೆ, ಆ ಕಿಟಕಿಯಿಂದ ನಮ್ಮ ಕಣ್ಣಿಗೆ ಕಾಣಬೇಕಾದ ಕೋನ ಒಂದೇ ಒಂದು; ಅದು ಪರದೆಯ ಅಗಲವನ್ನೂ ಕಣ್ಣಿನಿಂದ ಅದರ ದೂರವನ್ನೂ ಅವಲಂಬಿಸಿದೆ. ಇಪ್ಪತ್ತೇಳು ಇಂಚಿನ ಮಾನಿಟರಿನ ಅಗಲ ಸುಮಾರು 60 ಸೆಂಟಿಮೀಟರ್. ಅದನ್ನು ಕಣ್ಣಿನಿಂದ ಅಷ್ಟೇ ದೂರದಲ್ಲಿಟ್ಟರೆ ಅಡ್ಡಕೋನ 53 ಡಿಗ್ರಿ, ನೆಟ್ಟಕೋನ 31 ಡಿಗ್ರಿ. ಕೆಲವು ಆಟಗಳು ಅಡ್ಡಕೋನವನ್ನೂ, ಅಸೆಟ್ಟೊ ಕೊರ್ಸಾದಂಥವು ನೆಟ್ಟಕೋನವನ್ನೂ ಕೇಳುತ್ತವೆ. ಯಾವುದೆಂದು ನೋಡಿ ತುಂಬಬೇಕು. ಸರಿಯಾದ ಕೋನದಲ್ಲಿ ಮೊದಲ ದಿನ ನೋಟ ತೀರ ಇಕ್ಕಟ್ಟೆನಿಸುತ್ತದೆ, ವೇಗವೂ ಕಡಮೆಯಾದಂತೆ ತೋರುತ್ತದೆ. ಸಹಿಸಿಕೊಳ್ಳಿ. ತಿರುವು ನಿಜವಾಗಿ ಎಷ್ಟು ದೂರದಲ್ಲಿದೆಯೋ ಅಷ್ಟು ದೂರದಲ್ಲಿಯೇ ಕಾಣತೊಡಗುತ್ತದೆ, ಬ್ರೇಕಿನ ಅಂದಾಜು ತಪ್ಪುವುದು ನಿಲ್ಲುತ್ತದೆ. ಮಾನಿಟರನ್ನು ಸ್ಟಿಯರಿಂಗಿನ ಹಿಂದೆಯೇ, ಆದಷ್ಟು ಹತ್ತಿರ, ಕಣ್ಣಿನ ಮಟ್ಟದಲ್ಲಿರಿಸಿದರೆ ಚಿಕ್ಕ ಪರದೆಯೂ ಉದಾರವಾಗುತ್ತದೆ.

ಕೊಳ್ಳುವಾಗ ಗಮನಿಸತಕ್ಕ ಕೆಲವು ವಿಷಯಗಳುಂಟು. ನಾಳೆ ಆಟದ ಕನ್ಸೋಲನ್ನೂ ತರುವ ಯೋಚನೆಯಿದ್ದರೆ ಹೊಂದಿಕೆಯನ್ನು ಈಗಲೇ ವಿಚಾರಿಸಬೇಕು: ಜಿ29 ಪ್ಲೇಸ್ಟೇಷನ್ನಿಗೂ ಜಿ920 ಎಕ್ಸ್‌ಬಾಕ್ಸಿಗೂ ಹೊಂದುತ್ತವೆ, ಕಂಪ್ಯೂಟರಿಗೆ ಎರಡೂ ಸರಿ. ವಿದೇಶದಿಂದ ತರಿಸುವವರು ಸುಂಕವನ್ನೂ, ಕೆಟ್ಟರೆ ದುರಸ್ತಿಗೆ ಎಲ್ಲಿಗೆ ಕಳುಹಿಸಬೇಕೆಂಬುದನ್ನೂ ಬೆಲೆಯೊಡನೆ ಸೇರಿಸಿ ನೋಡಬೇಕು. ಒಬ್ಬರು ಬಳಸಿದ್ದನ್ನು ಕೊಳ್ಳುವುದರಲ್ಲಿ ತಪ್ಪಿಲ್ಲ. ಹಲ್ಲುಚಕ್ರದ ಸ್ಟಿಯರಿಂಗನ್ನು ಎರಡು ತುದಿಗಳಿಗೂ ನಿಧಾನವಾಗಿ ತಿರುಗಿಸಿ ಎಲ್ಲಿಯಾದರೂ ಕರಕರ ಶಬ್ದವಿದೆಯೋ ಕೇಳಿ, ಪೆಡಲುಗಳನ್ನು ಇಂಚಿಂಚಾಗಿ ಒತ್ತುತ್ತ ಕಂಪ್ಯೂಟರಿನ ಪರದೆಯಲ್ಲಿ ಅವುಗಳ ಸೂಚಿ ನಡುಗುತ್ತದೆಯೋ ನೋಡಿ. ಫೋರ್ಸ್ ಫೀಡ್‌ಬ್ಯಾಕ್ ಇರುವ ಸ್ಟಿಯರಿಂಗುಗಳಿಗೆ ಯುಎಸ್‌ಬಿ ತಂತಿಯ ಜೊತೆಗೆ ಪ್ರತ್ಯೇಕ ವಿದ್ಯುತ್ತೂ ಬೇಕು. ಅರ್ಥಿಂಗ್ ಇರುವ ಮೂರು ಕಡ್ಡಿಯ ಸಾಕೆಟ್ಟಿನಿಂದಲೇ ಅದನ್ನು ಕೊಡುವುದು ಅಗತ್ಯ. ವಿದ್ಯುತ್ತು ಹೋಗಿ ಮರಳಿದಾಗ ಸ್ಟಿಯರಿಂಗ್ ತನ್ನ ನಡುವನ್ನು ಹುಡುಕಲು ಎರಡೂ ಕಡೆಗೆ ತಾನಾಗಿಯೇ ತಿರುಗುವುದುಂಟು. ಆಗ ಕೈಯನ್ನು ತೆಗೆದಿಡಿ. ಡೈರೆಕ್ಟ್ ಡ್ರೈವ್ ಸ್ಟಿಯರಿಂಗಿನ ಮುಂದೆ ಮಕ್ಕಳನ್ನು ಕೂರಿಸುವಾಗ ಬಲವನ್ನು ತೀರ ಇಳಿಸಿರಬೇಕು. ಕಾರು ಗೋಡೆಗೆ ಬಡಿದಾಗ ಅದು ಬೆರಳನ್ನು ತಿರುಚುವಷ್ಟು ವೇಗವಾಗಿ ಹೊರಳುತ್ತದೆ. ದೊಡ್ಡವರಾದರೂ ಹೆಬ್ಬೆರಳುಗಳನ್ನು ಒಳಗಿನ ಅಡ್ಡಪಟ್ಟಿಗೆ ಸುತ್ತಿಕೊಳ್ಳದೆ ಅಂಚಿನ ಮೇಲೆಯೇ ಇರಿಸಿಕೊಳ್ಳುವ ರೂಢಿಯನ್ನು ಮೊದಲ ದಿನದಿಂದಲೇ ಮಾಡಿಕೊಳ್ಳಲಿ.

ಎಲ್ಲವನ್ನೂ ಜೋಡಿಸಿದ ಮೇಲೆ ಮೊದಲ ತಿಂಗಳು ಒಂದೇ ಕಾರು, ಒಂದೇ ಪಥ. ಮಜ್ದಾ ಎಂಎಕ್ಸ್-5ರಂಥ ಅಲ್ಪಶಕ್ತಿಯ, ಹಿಂದಿನ ಚಕ್ರಗಳಿಂದ ಚಲಿಸುವ ಕಾರು ಇದಕ್ಕೆ ಅತ್ಯುತ್ತಮ. ಅದು ತಪ್ಪನ್ನು ಮುಚ್ಚಿಡುವುದಿಲ್ಲ, ತಪ್ಪಿಗೆ ಕ್ರೂರವಾಗಿ ದಂಡಿಸುವುದೂ ಇಲ್ಲ. ಪಥದ ಬದಿಯಲ್ಲಿ ದೂರವನ್ನು ಸೂಚಿಸುವ ಫಲಕಗಳಿರುತ್ತವೆ. ಒಂದು ಕಷ್ಟವಾದ ತಿರುವನ್ನು ಆರಿಸಿಕೊಂಡು, ನೂರು ಮೀಟರಿನ ಫಲಕದ ಬಳಿ ಬ್ರೇಕನ್ನು ಒತ್ತಿ, ಹತ್ತು ಸುತ್ತುಗಳಲ್ಲಿಯೂ ಒಂದೇ ಒತ್ತಡದಿಂದ, ಒಂದೇ ಗೆರೆಯಲ್ಲಿ ತಿರುವನ್ನು ದಾಟಲು ಸಾಧ್ಯವಾಯಿತೇ ನೋಡಿ. ಸಾಧ್ಯವಾದಾಗ, ಬ್ರೇಕು ಒತ್ತುವ ಜಾಗವನ್ನು ಐದು ಮೀಟರು ಮುಂದಕ್ಕೆ ಸರಿಸಬಹುದು.